ಉಡಿಯಲ್ಲಿದ್ದ ಕಡಲೆಸೊಪ್ಪು

ನನ್ನ ಮಗನಿಗೆ ನಾನು ಚಪ್ಪಲಿ ತೆಗೆದುಕೊಂಡು ಹೊಡೆದದ್ದು ಸಂಗನಬಸವನ ಕಾಯಿಪಲ್ಲೆ ಅಂಗಡಿಯ ಮುಂದೆ, ಹಾಡುಹಗಲು, ಊರ ಮಂದಿಯೆಲ್ಲ ನೋಡುತ್ತಿದ್ದಾಗ. ಬಿಡಿಸಲು ಬಂದವರಿಗೂ ಬಿದ್ದವು. ಬರಬಾರದಿತ್ತು. ತಾಯಿ ಮಗನನ್ನು ಬಡಿಯುವಾಗ ನಡುವೆ ಕೈ ಹಾಕುವವರಿಗೆ ಬುದ್ಧಿ ಎಲ್ಲಿರುತ್ತದೋ ಏನೋ.

ಯಾಕೆ ಹೊಡೆದೆ ಅಂತೀರಾ? ನನ್ನ ಮಗ ಭರಮಪ್ಪ ತನ್ನ ಬಸುರಿ ಹೆಂಡತಿಯ ಬಾಳೆಹಣ್ಣು ಕುಡಿದಿದ್ದ. ತಿಂದಿದ್ದರೆ ಒಂದು ಮಾತು ಬೈದು ಬಿಡುತ್ತಿದ್ದೆ. ಕುಡಿದಿದ್ದ.

ಬಡವರ ಮನೆಯವರು ಹಣ್ಣು, ಕಾಯಿಪಲ್ಲೆ ಕೊಂಡು ತಿನ್ನಲಿ ಎಂದು ಸರ್ಕಾರದವರು ಒಂದು ಯೋಜನೆ ತಂದರು. ಹಸಿರು ತಟ್ಟೆ ಅಂತ ಹೆಸರು. ಬಸುರಿ ಇರುವ ಮನೆಗೆ ಒಂದು ಕಾರ್ಡು. ತಿಂಗಳು ತಿಂಗಳು ಸರ್ಕಾರವೇ ಅದರೊಳಗೆ ರೊಕ್ಕ ಹಾಕುತ್ತದೆ. ರೊಕ್ಕ ಕೈಗೆ ಬರುವುದಿಲ್ಲ. ಯೋಜನೆಗೆ ಸೇರಿದ ಅಂಗಡಿಗೆ ಹೋಗಿ ಕಾರ್ಡು ತಿಕ್ಕಿದರೆ ಹಣ್ಣು, ಸೊಪ್ಪು, ತರಕಾರಿ ಮಾತ್ರ ಕೊಡಬೇಕು. ಒಳ್ಳೆಯದೇ, ಯಾರೋ ತಲೆ ಇದ್ದವರೇ ಮಾಡಿರಬೇಕು. ಆದರೆ ಶಲವಡಿ ದಾಟಿ ನಮ್ಮೂರಿಗೆ ಬರುವಷ್ಟರಲ್ಲಿ ಆ ಅಂಗಡಿ ಸಿಕ್ಕಿದ್ದು ಶಂಭುಲಿಂಗಪ್ಪ ಗೌಡರ ಮಗ ಸಂಗನಬಸವನಿಗೆ. ಹೊರಗೆ ಬೋರ್ಡಿನ ಮೇಲೆ ಟೊಮ್ಯಾಟೊ, ಸೇಬು, ಪಪ್ಪಾಯಿ ಚಿತ್ರ. ಒಳಗೆ ಮೊಳಕೆಯೊಡೆದ ಬಟಾಟಿ. ಅದರ ಹಿಂದೆ ಗೋಣಿಚೀಲ ಮುಚ್ಚಿಟ್ಟ ಸಾರಾಯಿ ಪಾಕೀಟು. ಹೆಂಡತಿಯ ಕಾರ್ಡು ತಂದು ತಿಕ್ಕಿದ ಗಂಡಸರಿಗೆ ಹಣ್ಣಿನ ಲೆಕ್ಕದಲ್ಲಿ ಪಾಕೀಟು ಕೊಡುತ್ತಿದ್ದ. ಅವನ ವ್ಯಾಪಾರಕ್ಕೆ ಬೆಂಕಿ ಬೀಳಲಿ.

ಸೊಸೆ ರೇಷ್ಮಾಳಿಗೆ ಏಳು ತಿಂಗಳು ತುಂಬಿತ್ತು. ಮೊದಲಿನ ಬಸುರು ನಿಂತಿರಲಿಲ್ಲ, ಅದರ ನಂತರದ್ದೂ ನಿಂತಿರಲಿಲ್ಲ. ಈ ಸಲ ಆಶಾ ಕಾರ್ಯಕರ್ತೆ ಶೈಲಶ್ರೀ ಮನೆಗೆ ಬಂದು, ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನನ್ನನ್ನು ಬಾಜೂಕ ಕರೆದಳು.

“ಯಕ್ಕಾ, ಕಣ್ಣು ಸುಣ್ಣದಂಗ ಬೆಳ್ಳಗ ಅದಾವ. ಮೈಯಾಗ ರಕ್ತನ ಇಲ್ಲ. ಗುಳಿಗಿ ನಾ ಕೊಡ್ತೀನಿ. ಆದ್ರ ಸೊಪ್ಪು, ಹಣ್ಣು ಹೊಟ್ಟಿಗೆ ಬೀಳಲಿಲ್ಲಂದ್ರ ಈ ಕೂಸೂ ಉಳಿಯಂಗಿಲ್ಲ, ನೋಡ್ರಿ” ಅಂದಳು.

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ನನಗೆ ಇದ್ದದ್ದು ಒಂದೇ ಕೆಲಸ. ಆ ಹುಡುಗಿಯ ಹೊಟ್ಟೆಗೆ ಹಸಿರು ಬೀಳಬೇಕು, ಕೂಸು ಉಳಿಯಬೇಕು. ಕಾರ್ಡು ಬಂದಾಗ ಅದಕ್ಕೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಖೋಡಿ ಅದನ್ನು ದೇವರ ಮುಂದಿನಿಂದಲೇ ಎತ್ತಿಕೊಂಡು ಹೋಗಿದ್ದ.

ಅವನು ಚಪ್ಪಲಿ ಏಟು ತಿಂದು ಚರಂಡಿಯ ಕಟ್ಟೆಯ ಮೇಲೆ ಕೂತ ಮೇಲೆ ನಾನು ಅಂಗಡಿಯೊಳಗೆ ನುಗ್ಗಿದೆ.

“ನನ್ನ ಸೊಸಿ ಹಣ್ಣು ಕೊಡು” ಅಂದೆ.

ಸಂಗನಬಸವ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಕಾರ್ಡು ಖಾಲಿ ಐತಿ, ರೇಣುಕವ್ವ. ನಿನ್ನ ಮಗನ್ನ ಕೇಳು.”

“ನನ್ನ ಮಗನ್ನ ಕೇಳಿದ್ದು ಆತು. ಈಗ ನಿನ್ನ ಕೇಳಾಕತ್ತೀನಿ. ಬಸುರಿ ಬಾಯಾಗಿಂದು ಕಸ್ಕೊಂಡಿ, ನಾಚಿಕಿ ಬರೂದಿಲ್ಲೇನಲೇ ನಿನಗ?”

ಅಂದವಳೇ ತೋರಿಕೆಗೆಂದು ಹಗ್ಗಕ್ಕೆ ತೂಗುಬಿಟ್ಟಿದ್ದ ಬಾಳೆಹಣ್ಣಿನ ಚಿಪ್ಪಿಗೆ ಕೈ ಹಾಕಿ ಕಿತ್ತೆ. ಅವನು ಹಾರಿ ಬಂದು ನನ್ನ ಮಣಿಕಟ್ಟು ಹಿಡಿದು ತಿರುಚಿದ. ನಾನು ಇನ್ನೊಂದು ಕೈಯಿಂದ ತಕ್ಕಡಿಯ ಕಲ್ಲು ಎತ್ತಿ ಅವನ ಮೊಣಕೈಗೆ ಹಾಕಿದೆ. “ಯಪ್ಪಾ” ಅಂತ ಚೀರಿ ನನ್ನ ಎದೆಗೆ ಕೈ ಕೊಟ್ಟು ನೂಕಿದ. ಹೊರಗೆ ಕಲ್ಲಿನ ಮೇಲೆ ಬಿದ್ದೆ. ಹಣ್ಣು ದಾರಿಯ ಮೇಲೆ ಚೆಲ್ಲಿದವು. ಅವನು ಬಂದು ಒಂದೊಂದನ್ನೂ ಬೂಟುಗಾಲಿನಿಂದ ತುಳಿದ. ನನ್ನ ಕಣ್ಣನ್ನೇ ನೋಡುತ್ತ ತುಳಿದ.

ಅಪ್ಪಚ್ಚಿಯಾಗದೆ ಉಳಿದದ್ದನ್ನು ಸೆರಗಿನಲ್ಲಿ ಆರಿಸಿಕೊಂಡು ಮನೆಗೆ ಬಂದೆ. ಮಣ್ಣು ತೊಳೆದು ರೇಷ್ಮಾಳಿಗೆ ಕೊಟ್ಟೆ. ಅವಳು ನನ್ನ ಬಾತುಹೋದ ಮಣಿಕಟ್ಟು ನೋಡಿದಳು, ಏನೂ ಕೇಳದೆ ತಿಂದಳು. ಆ ಹುಡುಗಿಗೆ ಮಾತು ಕಡಿಮೆ. ನನ್ನಂಥ ಬಾಯಿಬಡಕಿಯ ಮನೆಗೆ ಅಂಥವಳು ಹೇಗೆ ಬಂದಳೋ.

ಅದಾದ ಮೇಲೆ ಕಡಲೆ ಚಿವುಟುವ ಕಾಲ ಬಂತು.

ನಮ್ಮ ಕಡೆಯ ಎರೆ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತುತ್ತಾರೆ. ಗಿಡ ಗೇಣುದ್ದ ಆದಾಗ ತುದಿ ಚಿವುಟಬೇಕು. ಚಿವುಟಿದರೆ ಬದಿಗೆ ಟಿಸಿಲೊಡೆದು ಕಾಯಿ ಜಾಸ್ತಿ ಹಿಡಿಯುತ್ತದೆ. ಅದು ಹೆಂಗಸರ ಕೆಲಸ. ಕೂಲಿ ಕೂಲಿಯ ಪಾಡಿಗೆ. ಚಿವುಟಿದ ಸೊಪ್ಪು ಮಾತ್ರ ಚಿವುಟಿದವಳದು. ಸೀರೆಯ ಸೆರಗು ಕಟ್ಟಿ ಉಡಿ ಮಾಡಿಕೊಂಡು ಅದರಲ್ಲಿ ತುಂಬಿಕೊಳ್ಳುತ್ತೇವೆ. ಯಾರ ಉಡಿಯಲ್ಲಿ ಎಷ್ಟು ಹಿಡಿಯಿತೋ ಅಷ್ಟು ಅವಳಿಗೆ. ಹಸಿಯದನ್ನು ಪಲ್ಯ ಮಾಡಿ ಬಿಸಿರೊಟ್ಟಿಗೆ ಹಚ್ಚಿಕೊಳ್ಳುವುದು, ಉಳಿದದ್ದನ್ನು ಒಣಗಿಸಿ ಬೇಸಿಗೆವರೆಗೆ ತಿನ್ನುವುದು. ಇದನ್ನು ಯಾರೂ ಯಾರಿಗೂ ಕೊಟ್ಟದ್ದಲ್ಲ, ಕೇಳಿ ಪಡೆದದ್ದೂ ಅಲ್ಲ. ನನ್ನ ಅತ್ತೆಯೂ ಹಾಗೇ ಒಯ್ದಳು, ಅವಳ ಅತ್ತೆಯೂ ಹಾಗೇ ಒಯ್ದಳು.

ಶಂಭುಲಿಂಗಪ್ಪ ಗೌಡರು ಹೇಳಿ ಕಳಿಸಿದಾಗ ಮೊದಲು ಬರುವುದಿಲ್ಲ ಅಂದೆ. ಅವರ ಮಗನ ಬೂಟು ಇನ್ನೂ ಕಣ್ಣ ಮುಂದೆ ಇತ್ತು. ಆದರೆ ಹೊಲ ಗೌಡರದು, ಮಗನದಲ್ಲ. ಮತ್ತೆ ನನಗೆ ಬೇಕಿದ್ದದ್ದು ಕೂಲಿ ಅಲ್ಲ, ಸೊಪ್ಪು. ರೇಷ್ಮಾ ತಾನೂ ಬರುತ್ತೇನೆ ಎಂದು ನಿಂತಳು.

“ಬ್ಯಾಡ, ಮಲಕೋ. ನಾ ತರ್ತೀನಿ” ಅಂದೆ.

“ನೀವು ತಂದಿದ್ದು ನಿಮ್ಮ ಉಡಿದಷ್ಟ ಆಗತೈತ್ರಿ ಅತ್ತಿ. ನನ್ನ ಉಡಿದೂ ಬಂದ್ರ ಬಾಣಂತನದ ತನಕ ಸಾಕಾಗತೈತಿ. ಕುಂತ ಚಿವುಟತೀನಿ” ಅಂದಳು.

ಅವಳು ಅಷ್ಟುದ್ದ ಮಾತಾಡಿದ್ದೇ ಅಪರೂಪ. ಹೂಂ ಅಂದೆ.

ಬೆಳಗಿನಿಂದ ಚಿವುಟಿದೆವು. ಕಡಲೆಯ ಹುಳಿ ಬೆರಳಿಗೆ ಹತ್ತಿ ಚುರುಚುರು ಎನ್ನುತ್ತಿತ್ತು, ಉಗುರಿನ ಸಂದಿ ಉರಿಯುತ್ತಿತ್ತು. ರೇಷ್ಮಾ ಸಾಲಿನಲ್ಲಿ ಕೂತಲ್ಲೇ ಸರಿಯುತ್ತ, ಎಳೆಯ ಕುಡಿಯನ್ನೇ ಆರಿಸಿ ಆರಿಸಿ ಉಡಿಗೆ ಹಾಕಿಕೊಂಡಳು. ನಡುವೆ ನಾಲ್ಕು ಎಲೆ ಬಾಯಿಗೂ ಹಾಕಿಕೊಂಡಳು. “ಭಾಳ ಹುಳಿ ತಿನಬ್ಯಾಡ, ಹಲ್ಲು ಚಳಿತಾವ” ಅಂತ ಅನ್ನಪೂರ್ಣಾ ರೇಗಿಸಿದಳು. ಅನ್ನಪೂರ್ಣಾ ನಮ್ಮ ಗುಂಪಿನ ಹಿರಿಯಳು, ಬಸುರಿಯರನ್ನು ಕಾಡುವುದೆಂದರೆ ಅವಳಿಗೆ ಬಹಳ ಖುಷಿ. ರೇಷ್ಮಾ ನಕ್ಕಳು. ಉಡಿ ದೊಡ್ಡದೋ ಹೊಟ್ಟೆ ದೊಡ್ಡದೋ ಎಂದು ಹೆಂಗಸರೆಲ್ಲ ನಕ್ಕರು.

ಹೊತ್ತು ಇಳಿಯುವಾಗ ಬದುವಿನ ಹತ್ತಿರ ಬಂದೆವು. ಅಲ್ಲಿ ಸಂಗನಬಸವನ ಪಿಕಪ್ ಗಾಡಿ ನಿಂತಿತ್ತು. ಕೆಳಗೆ ಕಬ್ಬಿಣದ ಅಂಚಿನ ಕ್ರೇಟುಗಳು ಸಾಲಾಗಿದ್ದವು. ಡ್ರೈವರ್ ಸಲೀಮ ಬಾಗಿಲಿಗೆ ಒರಗಿ ನಿಂತಿದ್ದ. ಗಾಡಿಯ ಮೇಲೆ, ಹಮಾಲನ ಹಾಗೆ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದವನು ನನ್ನ ಮಗ ಭರಮಪ್ಪ. ಪಾಕೀಟಿನ ಆಸೆಗೆ ಸಂಗನಬಸವನ ಹತ್ತಿರವೇ ದುಡಿಯಲು ಹತ್ತಿದ್ದ. ನನಗೆ ಅದೂ ಗೊತ್ತಿರಲಿಲ್ಲ.

“ಎಲ್ಲಾರೂ ಉಡಿ ಬಿಚ್ರಿ. ಸೊಪ್ಪು ಕ್ರೇಟಿನ್ಯಾಗ ಸುರೀರಿ” ಅಂದ ಸಂಗನಬಸವ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅನ್ನಪೂರ್ಣಾ ಕೇಳಿದಳು, “ಇದ್ಯಾವ ಊರ ರೀತಿಪಾ ಸಂಗಣ್ಣಾ? ನಿಮ್ಮಜ್ಜನ ಕಾಲದಾಗೂ ಹೆಣ್ಮಕ್ಕಳ ಉಡಿ ಬಿಚ್ಚಿಸಿದಾವಿಲ್ಲ.”

“ನಮ್ಮಜ್ಜನ ಕಾಲದಾಗ ಕಾರ್ಡ ಇದ್ದಿಲ್ಲ. ಈಗ ಸೊಪ್ಪಿಗೂ ಸರ್ಕಾರ ರೊಕ್ಕ ಕೊಡತೈತಿ. ಹುಬ್ಬಳ್ಳಿ ಅಂಗಡಿಯವರು ಇದನ್ನ ಬೇಕಂತಾರ. ನಿಮಗ ತಿನ್ನಬೇಕಾದ್ರ ನಾಳಿ ಅಂಗಡಿಗೆ ಬರ್ರಿ, ಕಾರ್ಡ ತಿಕ್ಕಿ ಒಯ್ರಿ.”

ನಮ್ಮ ಕೈಯಿಂದ ಚಿವುಟಿದ್ದು, ನಮಗೇ ಮಾರುತ್ತಾನಂತೆ. ನನ್ನ ನೆತ್ತಿ ಕಾದುಹೋಯಿತು.

ಬದುವಿನ ಮೇಲೆ ಕೂತಿದ್ದ ಶಂಭುಲಿಂಗಪ್ಪ ಗೌಡರು, “ಒಯ್ಲಿ ಬಿಡೋ. ಬಸುರಿ ಬಾಣಂತ್ಯಾರು ತಿನ್ನೂದು” ಅಂದರು.

“ನೀ ಸುಮ್ಮ ಕುಂದ್ರಪಾ” ಅಂದ ಮಗ.

ಗೌಡರು ಸುಮ್ಮನೆ ಕೂತರು. ಊರ ನ್ಯಾಯ ಹೇಳುತ್ತಿದ್ದ ಬಾಯಿ ಅದು. ಮೀಸೆ ಬೋಳಿಸಿಕೊಂಡಿದ್ದರೂ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

ನಾಳೆ ಕೂಲಿಗೆ ಕರೆಯದಿದ್ದರೆ ಎಂಬ ಅಂಜಿಕೆಯಲ್ಲಿ ಒಬ್ಬೊಬ್ಬಳೇ ಮುಂದೆ ಹೋಗಿ ಉಡಿ ಬಿಚ್ಚಿದಳು, ತುಂಬಿದ ಕ್ರೇಟುಗಳು ಗಾಡಿ ಏರಿದವು. ಗಂಡಸರ ಮುಂದೆ ಸೆರಗು ಬಿಚ್ಚಿ ಕೊಡವುವಾಗ ಯಾರೂ ತಲೆ ಎತ್ತಲಿಲ್ಲ. ನಾನು ನನ್ನ ಉಡಿ ಬಿಚ್ಚಿ ಸೊಪ್ಪನ್ನು ಅವನ ಮುಖಕ್ಕೆ ಎಸೆದೆ. ಅವನು ಒರೆಸಿಕೊಂಡು ನಕ್ಕ. ಕೊನೆಗೆ ಉಳಿದದ್ದು ರೇಷ್ಮಾ. ಅವಳು ಎರಡೂ ಕೈಯಿಂದ ಉಡಿಯ ಗಂಟು ಹಿಡಿದು ನಿಂತಿದ್ದಳು.

“ನಿನಗ ಬ್ಯಾರೆ ಹೇಳಬೇಕೇನ?” ಅಂದ ಸಂಗನಬಸವ.

“ಇದು ನನ್ನ ಕೂಸಿಂದ್ರಿ. ಕೊಡೂದಿಲ್ಲ” ಅಂದಳು.

ಅವನು ಒಂದು ಹೆಜ್ಜೆ ಮುಂದೆ ಬಂದು ನಿಂತ. ಪರರ ಬಸುರಿ ಹೆಂಡತಿಗೆ ಕೈ ಹಚ್ಚಿದರೆ ಊರು ಸುಮ್ಮನಿರುವುದಿಲ್ಲ ಎಂಬಷ್ಟು ಬುದ್ಧಿ ಆ ಬದ್ಮಾಶನಿಗೆ ಇತ್ತು. ಗಾಡಿಯ ಕಡೆ ತಿರುಗಿದ.

“ಭರಮ್ಯಾ, ಇಳಿ ಕೆಳಗ. ನಿನ್ನ ಹೆಂಡ್ತಿ ಉಡಿ ನೀನ ಬಿಚ್ಚು. ಬಿಚ್ಚಲಿಲ್ಲಂದ್ರ ಇವತ್ತಿಂದ ಅಂಗಡಿ ಕಡೆ ಬರಬ್ಯಾಡ.”

ಭರಮಪ್ಪ ಇಳಿದ. ನಾನು ಕೂಗಿದೆ, “ಭರಮಾ, ಆಕೀನ ಮುಟ್ಟಿದರ ಕೈ ಕಡೀತೀನಿ, ನೋಡ!” ಅವನು ನನ್ನ ಕಡೆ ನೋಡಿದ, ಸಂಗನಬಸವನ ಕಡೆ ನೋಡಿದ. ಯಾರ ಮಾತು ಕೇಳಬೇಕೆಂದು ಲೆಕ್ಕ ಹಾಕಿದ. ಆಮೇಲೆ ಹೆಂಡತಿಯ ಹತ್ತಿರ ಹೋದ. ನಾನು ಓಡುವಷ್ಟರಲ್ಲಿ ಸಂಗನಬಸವ ಅಡ್ಡ ಬಂದು ನನ್ನ ಜಡೆ ಹಿಡಿದ.

“ಬಿಡ ರೇಷ್ಮಾ, ಸೊಪ್ಪ ಅಲ್ಲ ಅದು? ಬಿಡ” ಅಂದ ಭರಮಪ್ಪ.

“ಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಕೂಸಿಗಂತ ಇಟ್ಟೀನಿ.”

ಅವನು ಗಂಟು ಎಳೆದ. ಅವಳು ಬಿಡಲಿಲ್ಲ, ಬಗ್ಗಿ ಅವನ ಕೈ ಕಚ್ಚಿದಳು. ಸಂಗನಬಸವ ನಕ್ಕು, “ಹೆಂಡ್ತಿ ಕಚ್ಚತಾಳ ನೋಡ್ರಿ ಗಂಡಸನ್ನ” ಅಂದ. ಭರಮಪ್ಪನ ಮುಖ ಕೆಂಪಾಯಿತು. ಅವಳ ಕಪಾಳಕ್ಕೆ ಬಿಟ್ಟು, ಎರಡೂ ಕೈಯಿಂದ ಸೆರಗು ಹಿಡಿದು ತನ್ನ ಕಡೆ ಜಗ್ಗಿದ. ಸೆರಗು ಪರ್‍ರೆಂದು ಹರಿಯಿತು. ಸೊಪ್ಪೆಲ್ಲ ಹಾರಿತು. ರೇಷ್ಮಾ ಜೋಲಿ ತಪ್ಪಿ ಮುಂದಕ್ಕೆ ಹೋಗಿ, ಹೊಟ್ಟೆ ಅಡಿಯಾಗಿ ಕ್ರೇಟಿನ ಕಬ್ಬಿಣದ ಅಂಚಿನ ಮೇಲೆ ಬಿದ್ದಳು.

ಅವಳು ಚೀರಲಿಲ್ಲ. ‘ಹ್ಞ’ ಎಂಬಂಥ ಒಂದು ಸದ್ದು ಬಂತು, ಅಷ್ಟೇ. ಹೆಂಗಸರು ಅವಳನ್ನು ಹೊರಳಿಸಿದಾಗ ಸೀರೆಯ ಕೆಳಗಿನಿಂದ ರಕ್ತ ಎರೆ ಮಣ್ಣಿಗೆ ಇಳಿಯುತ್ತಿತ್ತು.

“ಸೊಪ್ಪು ಆರಿಸಿ ಹಾಕೋ ಭರಮ್ಯಾ” ಅಂದ ಸಂಗನಬಸವ. ಅವನಿಗೆ ರಕ್ತ ಕಂಡಿರಲಿಲ್ಲವೋ, ಕಂಡೂ ಅಂದನೋ, ದೇವರಿಗೇ ಗೊತ್ತು.

ನನ್ನ ಜಡೆ ಅವನ ಕೈಯಲ್ಲಿಯೇ ಇತ್ತು. ತಿರುಗಿ ಅವನ ತೋಳಿಗೆ ಬಾಯಿ ಹಾಕಿದೆ. ಮಾಂಸ ಬರುವವರೆಗೆ ಬಿಡಲಿಲ್ಲ. ಕೂದಲು ಕಿತ್ತು ಅವನ ಮುಷ್ಟಿಯಲ್ಲಿ ಉಳಿಯಿತು, ನಾನು ಬಿಡಿಸಿಕೊಂಡೆ. ಗಾಡಿಯ ಹಿಂದೆ ಜಾಕಿನ ರಾಡು ಬಿದ್ದಿತ್ತು, ಎತ್ತಿಕೊಂಡೆ. ಮೊದಲನೇ ಏಟು ನನ್ನ ಮಗನಿಗೆ ಕೊಟ್ಟೆ. ಸೊಪ್ಪು ಆರಿಸಲು ಬಗ್ಗಿದ್ದ ಅವನು. ಹೌದ್ರಿ, ಹೆಂಡತಿ ಬಿದ್ದು ಹೊರಳುತ್ತಿರುವಾಗ ಸೊಪ್ಪು ಆರಿಸಲು ಬಗ್ಗಿದ್ದ. ಕಿವಿಯ ಮೇಲೆ ಬಿತ್ತು. ಕಿವಿ ಹರಿದು ಜೋತಾಡಿತು, ಅವನು ಅಲ್ಲೇ ಮೊಣಕಾಲೂರಿದ.

“ಗಾಡಿ ತಗಿ! ನವಲಗುಂದ ದವಾಖಾನಿಗೆ ಒಯ್ಯಬೇಕು!” ಎಂದು ಕೂಗಿದೆ.

ಸಲೀಮ ಅಂದ, “ಕೀಲಿ ಸಾಹುಕಾರ ಕಡೆ ಐತ್ರಿ ಯಕ್ಕಾ.”

ಸಂಗನಬಸವ ತೋಳು ಹಿಡಿದುಕೊಂಡು ಹಿಂದೆ ಸರಿದ. “ಆಂಬುಲೆನ್ಸಿಗೆ ಫೋನ್ ಹಚ್ರಿ. ಇದರಾಗ ಮಾಲು ಐತಿ, ಸೊಪ್ಪು ಬಾಡತೈತಿ” ಅಂದ.

ಸೊಪ್ಪು ಬಾಡುತ್ತದಂತೆ.

ಆಮೇಲೆ ಯಾರು ಮೊದಲು ಕೈ ಎತ್ತಿದರು ಎಂದು ಪೊಲೀಸರು ಕೇಳಿದರು. ಎಲ್ಲರೂ ಎತ್ತಿದರು. ಇಷ್ಟು ಹೊತ್ತು ತಲೆ ತಗ್ಗಿಸಿ ಉಡಿ ಬಿಚ್ಚಿದ ಹೆಂಗಸರೇ ಎರೆಮಣ್ಣಿನ ಹೆಂಟೆ ಎತ್ತಿ ಅವನ ಮುಖಕ್ಕೆ ಬಡಿದರು. ಅನ್ನಪೂರ್ಣಾ ಖಾಲಿ ಕ್ರೇಟು ಎತ್ತಿ ಅವನ ನೆತ್ತಿಗೆ ಹಾಕಿದಳು. ಅವನು ಓಡಲು ನೋಡಿದ. ನಾನು ರಾಡು ಬೀಸಿ ಮೊಣಕಾಲಿಗೆ ಹಾಕಿದೆ. ಒಳಗೆ ಏನೋ ಮುರಿದದ್ದು ನನ್ನ ಕೈಗೇ ತಿಳಿಯಿತು. ನೆಲಕ್ಕೆ ಬಿದ್ದವನ ಎದೆಯ ಮೇಲೆ ಕೂತು ಜೇಬಿಗೆ ಕೈ ಹಾಕಿದೆ. ಅವನು ನನ್ನ ಬೆರಳು ಹಿಂದಕ್ಕೆ ಮಣಿಸಿದ. ನಾನು ಇನ್ನೊಂದು ಕೈಯಿಂದ ನೆಲದ ಮೇಲೆ ಚೆಲ್ಲಿದ್ದ ಕಡಲೆಸೊಪ್ಪನ್ನು ಬಾಚಿ ಅವನ ತೋಳಿನ ಗಾಯಕ್ಕೆ ಒತ್ತಿ ತಿಕ್ಕಿದೆ. ಹುಳಿ ಹತ್ತಿ ಅವನು ಊಳಿಟ್ಟ, ಬೆರಳು ಬಿಟ್ಟ. ಕೀಲಿ ಸಿಕ್ಕಿತು. ಶಂಭುಲಿಂಗಪ್ಪ ಗೌಡರು ಬದುವಿನ ಮೇಲಿಂದ “ಸಾಯಿಸಬ್ಯಾಡ್ರವಾ, ಸಾಯಿಸಬ್ಯಾಡ್ರಿ” ಎನ್ನುತ್ತಿದ್ದರು. ಈಗ ಬಾಯಿ ಬಂದಿತ್ತು ಅವರಿಗೆ.

ಹೆಂಗಸರು ಗಾಡಿಯ ಮೇಲಿನ ಕ್ರೇಟುಗಳನ್ನು ಬೋರಲು ಹಾಕಿದರು. ಹಸಿ ಸೊಪ್ಪಿನ ರಾಶಿಯ ಮೇಲೆ ರೇಷ್ಮಾಳನ್ನು ಮಲಗಿಸಿದೆವು. ಸಲೀಮ ಕೀಲಿ ಕಸಿದುಕೊಂಡು, “ಕೂಡ್ರಿ ಯಕ್ಕಾ, ಗಟ್ಟಿ ಹಿಡೀರಿ” ಅಂದ. ಆ ಮಣ್ಣುದಾರಿಯಲ್ಲಿ ಅಷ್ಟು ಜೋರು ಗಾಡಿ ಓಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ರೇಷ್ಮಾಳ ತಲೆ ನನ್ನ ತೊಡೆಯ ಮೇಲಿತ್ತು. ಕೆಳಗಿನ ಸೊಪ್ಪು ಕೆಂಪಾಗುತ್ತ ಹೋಯಿತು. ಅವಳು ನನ್ನ ಕೈ ಒಯ್ದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ಕೂಸು ಒದೀವಲ್ದು ಅತ್ತಿ” ಅಂದಳು.

“ಒದೀತೈತಿ, ಸುಮ್ಮಿರು. ಮಲಗಿರತೈತಿ” ಅಂದೆ. ನನ್ನ ಕೈಗೆ ಏನೂ ತಿಳಿಯಲಿಲ್ಲ. ಸುಳ್ಳು ಹೇಳಿದೆ, ಮತ್ತೇನು ಹೇಳಲಿ?

ದವಾಖಾನೆಯಲ್ಲಿ ಡಾಕ್ಟರಮ್ಮ ಓಡಿ ಬಂದಳು, ನರ್ಸುಗಳೂ ಬಂದರು. ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ರೇಷ್ಮಾ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣುಕೂಸು. ಡಾಕ್ಟರಮ್ಮ ನನ್ನ ಹೆಗಲ ಮೇಲೆ ಕೈ ಇಟ್ಟು, “ಬಿದ್ದ ಪೆಟ್ಟು ದೊಡ್ಡದಿತ್ತವ್ವಾ. ಅದರಮ್ಯಾಲ ಇಬ್ಬರ ಮೈಯಾಗೂ ಏನೂ ಶಕ್ತಿ ಇದ್ದಿಲ್ಲ” ಅಂದಳು. ಅಳು ಬರಲಿಲ್ಲ ನನಗೆ. ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು, ಅಲ್ಲಿ ಹೊಡೆಯುವಂಥವರು ಯಾರೂ ಇರಲಿಲ್ಲ. ಗೋಡೆಗೆ ತಲೆ ಬಡಿದುಕೊಂಡೆ. ನರ್ಸು ಹಿಡಿದು ಕೂರಿಸಿದಳು.

ಮರುದಿನ ಪೊಲೀಸರು ಬಂದರು. ಸಂಗನಬಸವನ ಮೊಣಕಾಲ ಚಿಪ್ಪು ಒಡೆದಿದೆಯಂತೆ, ಕುಂಟುವುದು ತಪ್ಪುವುದಿಲ್ಲವಂತೆ. ಅವನ ಮೇಲೂ ಕೇಸು, ನನ್ನ ಮೇಲೂ ಕೇಸು. “ರಾಡಿನಿಂದ ಹೊಡೆದವರು ಯಾರು?” ಎಂದು ಕೇಳಿದರು.

“ನಾನ ಹೊಡದೀನ್ರಿ. ಇನ್ನೊಂದು ಕಾಲು ಉಳದೈತಿ, ಅದಕ್ಕೂ ಹಾಕೂದಿತ್ತು. ಅದನ್ನೂ ಬರ್ಕೋರಿ” ಅಂದೆ. ಹವಾಲ್ದಾರ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದ. ಬರೆದುಕೊಂಡನೋ ಇಲ್ಲವೋ.

ಅವರು ಹೋದ ಮೇಲೆ ಭರಮಪ್ಪ ಬಂದ. ತಲೆಗೆ, ಕಿವಿಗೆ ಪಟ್ಟಿ ಸುತ್ತಿದ್ದರು. ಕುಡಿದಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು ಗೊಳೋ ಎಂದು ಅತ್ತ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು ನನ್ನ ತೊಡೆಯ ಮೇಲಿತ್ತು. ನಮ್ಮಲ್ಲಿ ಸಣ್ಣ ಕೂಸು ಹೋದರೆ ತಂದೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮಣ್ಣು ಮಾಡುತ್ತಾನೆ. ಅವನು ಕೈ ಮುಂದೆ ಚಾಚಿದ.

“ಮುಟ್ಟಬ್ಯಾಡ!” ಅಂದೆ. “ಆ ಕೈಲೆ ಮುಟ್ಟಿದಿ ಅಂದ್ರ ಇಲ್ಲೇ ಮುರೀತೀನಿ. ನಾನ ಒಯ್ತೀನಿ. ನೀ ಹಾಳಾಗಿ ಹೋಗು.”

ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ರೇಷ್ಮಾ ಈ ಕಡೆ ತಿರುಗಿದಳು. ಅವಳ ತುಟಿ ಬಟ್ಟೆಯಷ್ಟೇ ಬೆಳ್ಳಗಿತ್ತು. ಗಂಡನನ್ನು ಬಹಳ ಹೊತ್ತು ನೋಡಿದಳು.

“ಕೊಡ್ರಿ ಅತ್ತಿ, ಅವನ ಕೈಯಾಗ ಕೊಡ್ರಿ” ಅಂದಳು. ಗಂಡನಿಗೆ ಎಂದೂ ಏಕವಚನ ಅಂದವಳಲ್ಲ. “ಹೊರಲಿ. ಎಷ್ಟು ಭಾರ ಐತಿ ಅನ್ನೂದು ಗೊತ್ತಾಗಲಿ.”

ಕೊಟ್ಟೆ. ಅವಳು ಹೇಳಿದ್ದಕ್ಕೆ ಕೊಟ್ಟೆ, ಇಲ್ಲದಿದ್ದರೆ ಕೊಡುತ್ತಿರಲಿಲ್ಲ.

ಸಲೀಮ ನಮ್ಮನ್ನು ಊರ ಹೊರಗಿನ ತಿರುವಿನಲ್ಲಿ ಇಳಿಸಿದ. ಅಲ್ಲಿಂದ ಮಣ್ಣು ಮಾಡುವ ಜಾಗಕ್ಕೆ ಹೊಲಗಳ ನಡುವೆ ಕಾಲುದಾರಿ. ಎರಡೂ ಕಡೆ ಚಿವುಟಿದ ಕಡಲೆ, ಬಿಸಿಲು ಚುರುಗುಟ್ಟುತ್ತಿತ್ತು. ಭರಮಪ್ಪ ಕೂಸನ್ನು ಎದೆಗೆ ಹಿಡಿದುಕೊಂಡು ಮುಂದೆ, ನಾನು ಸಲಿಕೆ ಹಿಡಿದು ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಅವನು ನಿಂತ. ತೋಳಿನಲ್ಲಿದ್ದ ಗಂಟನ್ನು ನೋಡಿದ, ಸ್ವಲ್ಪ ಮೇಲೆತ್ತಿ ನೋಡಿದ, ಮತ್ತೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಯವ್ವಾ” ಅಂದ. “ಏನೂ ಭಾರನ ಇಲ್ಲಲ್ಲ ಬೇ ಇದು.”

ಸಲಿಕೆ ಕೆಳಗೆ ಹಾಕಿ ಅವನ ಕಪಾಳಕ್ಕೆ ಹೊಡೆದೆ. ಮತ್ತೊಂದು ಹೊಡೆದೆ. ಎರಡೂ ಕೈಯಲ್ಲಿ ಕೂಸು ಇದ್ದುದರಿಂದ ಅವನಿಗೆ ಮುಖ ಮುಚ್ಚಿಕೊಳ್ಳಲು ಆಗಲಿಲ್ಲ.